ಹಲ್ಲು ನೋಡಿ ಎತ್ತು, ಟೈರು ನೋಡಿ ಕಾರು

“ನಿಮ್ ಬಜೆಟ್ ಎಷ್ಟು ತಂಗಿ?”

ಬಳ್ಳಾರಿಯ ಹಳೆ ಕಾರುಗಳ ಯಾರ್ಡಿನಲ್ಲಿ ದಲ್ಲಾಳಿ ಕೇಳಿದ ಮೊದಲ ಪ್ರಶ್ನೆ ಇದು. ಬಿಇ ಓದುವ ಜಾಣೆ ನಾನು! ತಟ್ಟನೆ ಹೇಳಿಬಿಟ್ಟೆ, “4 ಲಕ್ಷ ಅಣ್ಣಾ” ಅಂತ. ಆಮೇಲೆ ಆತ ತೋರಿಸಿದ ನಾಲ್ಕು ಕಾರುಗಳಲ್ಲಿ ಎರಡಕ್ಕೆ 3 ಲಕ್ಷದ 90 ಸಾವಿರ, ಉಳಿದೆರಡಕ್ಕೆ ಸರಿಯಾಗಿ 4 ಲಕ್ಷ. ಕಾರಿನ ಬೆಲೆಯನ್ನು ಆತ ಹೇಳಲೇ ಇಲ್ಲ, ನಾನೇ ಹೇಳಿಕೊಟ್ಟಿದ್ದೆ.

ನಮ್ಮದು ಕುರುಗೋಡು. ಅಜ್ಜಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಸುಮಾರು 30 ಕಿ.ಮೀ. ದೂರದ ಬಳ್ಳಾರಿಗೆ ಹೋಗಿ ಬರಲು ಪ್ರತಿ ಸಲ ಬಾಡಿಗೆ ಕಾರಿಗೆ 1,500 ರೂಪಾಯಿ. ತಿಂಗಳಿಗೆ 12 ಸಾವಿರ. ಮೆಣಸಿನಕಾಯಿ ದುಡ್ಡು ಕೈಗೆ ಬಂದ ಮೇಲೆ ಅಪ್ಪ, “ಇನ್ನು ಬಾಡಿಗೆ ಸಾಕು, ನಮ್ದೇ ಒಂದು ಹಳೆ ಗಾಡಿ ತಗಳ್ಳಾಣ” ಎಂದರು. ಮನೆಯಲ್ಲಿದ್ದದ್ದು 4 ಲಕ್ಷ. ಅದರಲ್ಲೇ ನನ್ನ ಮುಂದಿನ ವರ್ಷದ ಕಾಲೇಜು ಫೀಸೂ ಸೇರಿತ್ತು. ಅದನ್ನು ಅಪ್ಪ ಬಾಯಿಬಿಟ್ಟು ಹೇಳಲಿಲ್ಲ. ಆದರೆ ನನಗೆ ಲೆಕ್ಕ ಗೊತ್ತಿತ್ತು.

ಅವತ್ತು ಯಾರ್ಡಿನಲ್ಲಿ ಬಿಳಿ ಕಾರೊಂದು ನನ್ನ ಕಣ್ಣಿಗೆ ಬಿತ್ತು. “ಅಪ್ಪಾ, ಎಷ್ಟು ಚೆನ್ನಾಗೈತೆ ನೋಡು” ಎಂದು ದಲ್ಲಾಳಿಯ ಎದುರಿಗೇ ಕೂಗಿದೆ. ಇದು ಎರಡನೇ ತಪ್ಪು. ಆತ ನಕ್ಕು, “ಇನ್ನೊಂದು ಪಾರ್ಟಿ ಸಂಜೆ ಬರ್ತೈತೆ ಗೌಡ್ರೆ, 10 ಸಾವಿರ ಅಡ್ವಾನ್ಸ್ ಕೊಟ್ಟು ಹೋಗಿ” ಎಂದ. ಅಪ್ಪ ಜೇಬಿಗೆ ಕೈ ಹಾಕಿಯೂ ಆಗಿತ್ತು. ಪುಣ್ಯಕ್ಕೆ ಅವತ್ತು ಜೇಬಿನಲ್ಲಿ ಅಷ್ಟು ದುಡ್ಡಿರಲಿಲ್ಲ. ಹಾಗಾಗಿ ಬಸ್ಸು ಹತ್ತಿ ಊರಿಗೆ ಬಂದೆವು.

ಅಜ್ಜಿಯ ಪ್ರಶ್ನೆ

ಮನೆಗೆ ಬಂದು ಎಲ್ಲ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು: “ಹಲ್ಲು ನೋಡ್ದೆ ಎತ್ತು ತರ್ತಾರೇನವ್ವ?”

ಅಜ್ಜ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದ ರೀತಿಯನ್ನು ಅಜ್ಜಿ ವಿವರಿಸಿದರು. ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸಿ ವಯಸ್ಸು ತಿಳಿಯುವುದು. ಆಮೇಲೆ ನಡೆಸಿ ನೋಡುವುದು. ದರದ ಮಾತು ಕಡೆಗೆ. ಅದೂ ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಹೇಳುವುದು, ಪಕ್ಕದವರಿಗೂ ಗೊತ್ತಾಗಬಾರದು. ನಾನು ಮಾಡಿದ್ದು ಪೂರ್ತಿ ಉಲ್ಟಾ: ಮೊದಲು ದರ, ಅದೂ ಎಲ್ಲರಿಗೂ ಕೇಳುವ ಹಾಗೆ.

ಮರುವಾರ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಅದೇ ಯಾರ್ಡಿಗೆ ಹೋದೆವು. ಬಿಳಿ ಕಾರಿನ ಮೀಟರು 42 ಸಾವಿರ ಕಿ.ಮೀ. ತೋರಿಸುತ್ತಿತ್ತು. ಆದರೆ ಬ್ರೇಕ್ ಪೆಡಲ್ಲಿನ ರಬ್ಬರು ಸವೆದು ನುಣುಪಾಗಿತ್ತು. ಕಾರಿನ ನಂಬರು ಬರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದರೆ, ಎರಡು ವರ್ಷದ ಹಿಂದೆ ಸರ್ವಿಸಿಗೆ ಬಂದಾಗಲೇ ಅದು 78 ಸಾವಿರ ಕಿ.ಮೀ. ಓಡಿತ್ತು! ಅಡ್ವಾನ್ಸ್ ಕೊಟ್ಟಿದ್ದರೆ ನಮ್ಮ ಗತಿ?

ನಿಂಬೆಹಣ್ಣಿನ ಪಾಠ

ಇದನ್ನು ಕಾಲೇಜಿನಲ್ಲಿ ಹೇಳಿದಾಗ ಮ್ಯಾನೇಜ್‌ಮೆಂಟ್ ವಿಷಯದ ಮೇಷ್ಟ್ರು ಒಂದು ಸ್ವಾರಸ್ಯದ ಸಂಗತಿ ತಿಳಿಸಿದರು. ಅಮೆರಿಕದಲ್ಲಿ ಕೆಟ್ಟ ಹಳೆ ಕಾರಿಗೆ ‘ಲೆಮನ್’, ಅಂದರೆ ನಿಂಬೆಹಣ್ಣು ಎನ್ನುತ್ತಾರಂತೆ. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಈ ನಿಂಬೆಹಣ್ಣುಗಳ ಮಾರುಕಟ್ಟೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು. ಕಾರಿನ ನಿಜಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಭಯಪಟ್ಟು ಎಲ್ಲದಕ್ಕೂ ಕಡಿಮೆ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆ ಕಾರಿನವರು ಮಾರಲು ಬರುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳೇ ಉಳಿಯುತ್ತವೆ ಎಂಬುದು ಅವರ ವಾದ. ಅದೇ ಪ್ರಬಂಧದಲ್ಲಿ ನಮ್ಮ ದೇಶದ ಗೃಹಿಣಿಯರೂ ಇದ್ದಾರೆ: ಅಕ್ಕಿಯದೇ ಬಣ್ಣ, ಅಕ್ಕಿಯದೇ ಆಕಾರದ ಕಲ್ಲು ಬೆರೆಸಿ ಮಾರುವುದರಿಂದ ಬಜಾರಿನ ಅಕ್ಕಿಯನ್ನು ಆರಿಸಿಯೇ ಅಡುಗೆ ಮಾಡಬೇಕು ಎಂದು ಬರೆದಿದ್ದಾರೆ. ಅಕರ್ಲಾಫ್ ಅವರಿಗೆ 2001ರಲ್ಲಿ ನೊಬೆಲ್ ಬಂತು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವನಿಗೆ ಇದನ್ನು ಹೇಳಿದರೆ, “ಇದು ನಂಗೂ ಗೊತ್ತಿತ್ತಲ್ಲೇ” ಎಂದು ನಕ್ಕರು!

ಹಾಗಾದರೆ ಚೌಕಾಸಿ ಶುರುವಾಗುವ ಮೊದಲೇ ನಾವು ಕಲ್ಲು ಆರಿಸಿರಬೇಕು. ಮೂರು ವಾರ ನಾನು ಮಾಡಿದ್ದು ಅದನ್ನೇ.

ಚೀಟಿಯಲ್ಲಿ ಬರೆದದ್ದು

ಒಂದು: ಒಂದೇ ಮಾದರಿ, ಒಂದೇ ವರ್ಷದ 11 ಕಾರುಗಳ ಜಾಹೀರಾತು ಹುಡುಕಿ ಬೆಲೆ ಬರೆದುಕೊಂಡೆ. ನಮಗೆ ಬೇಕಿದ್ದ 2018ರ ಪೆಟ್ರೋಲ್ ಕಾರು 3 ಲಕ್ಷದಿಂದ ಮೂರೂವರೆ ಲಕ್ಷದೊಳಗೆ ಸಿಗುತ್ತಿತ್ತು. ಹೊಸ ಕಾರಿನ ಬೆಲೆಯನ್ನೂ ಕೇಳಿಕೊಂಡೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೂ ಹಳೆಯದಕ್ಕೆ ಹಳೆ ದರವನ್ನೇ ಹೇಳಿದರೆ ಅದನ್ನು ಪ್ರಶ್ನಿಸುವ ಹಕ್ಕು ನಮಗಿದೆ.

ಎರಡು: ಕಾರಿನ ಹಲ್ಲು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 1719 ಎಂದಿದ್ದರೆ 2019ರ 17ನೇ ವಾರ ತಯಾರಾದದ್ದು ಎಂದರ್ಥ. ಟೈರು, ಬ್ಯಾಟರಿ, ವಿಮೆ ಇವುಗಳಲ್ಲಿ ಯಾವುದಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಅಂಗಡಿಯಲ್ಲೇ ಕೇಳಿ ಬರೆದುಕೊಂಡೆ.

ಮೂರು: ಕಾಗದ. ಆರ್‌ಸಿ, ಬಾಕಿ ಇರುವ ಇ-ಚಲನ್, ಬ್ಯಾಂಕ್ ಸಾಲ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30.

ನಾಲ್ಕು: ಗಡಿಯಾಚೆಯ ಆಸೆ. ನಮ್ಮ ಜಿಲ್ಲೆಯ ಪಕ್ಕದಲ್ಲೇ ಆಂಧ್ರ. ಎಪಿ ನಂಬರಿನ ಕಾರೊಂದು 40 ಸಾವಿರ ಕಡಿಮೆಗೆ ಸಿಗುತ್ತಿತ್ತು. ಆದರೆ ಬೇರೆ ರಾಜ್ಯದ ವಾಹನವನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಕಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು, ಕಾರಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ತೆರಿಗೆ ಕಟ್ಟಿ, ಕೆಎ ನಂಬರು ಪಡೆಯಬೇಕು. ಲೆಕ್ಕ ಹಾಕಿದರೆ ಉಳಿತಾಯ ಅಲ್ಲಿಗಲ್ಲಿಗೆ. ಓಡಾಟವೂ ನಮ್ಮದೇ.

ಹೊಸ ಕಾರು ಕೊಳ್ಳುವವರಿಗೂ ಚೀಟಿ ಬೇಕು. ಷೋರೂಮಿನವರು ‘ಆನ್ ರೋಡ್’ ಎಂದು ಒಂದೇ ಮೊತ್ತ ಹೇಳುತ್ತಾರೆ. ಅದನ್ನು ಬಿಡಿಸಿ ಬರೆದು ಕೊಡಲು ಕೇಳಿ. ನಮ್ಮ ರಾಜ್ಯದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಜೀವಿತಾವಧಿ ತೆರಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18, ಉಪಕರ ಬೇರೆ. ಇದರಲ್ಲಿ ಚೌಕಾಸಿ ಇಲ್ಲ. ಆದರೆ ವಿಮೆಯನ್ನು ಅವರಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊರಗಿನ ದರ ಕೇಳಿಕೊಂಡು ಹೋಗಿ. ಸೀಟ್ ಕವರು, ಮ್ಯಾಟು, ಹೆಚ್ಚುವರಿ ವಾರಂಟಿ, ‘ಹ್ಯಾಂಡ್ಲಿಂಗ್ ಚಾರ್ಜ್’ ಎಂಬ ಸಾಲು ಇವೆಲ್ಲ ಮಾತಾಡುವ ಜಾಗಗಳು.

ಎದ್ದು ಬರುವ ಶಕ್ತಿ

ಇಷ್ಟೆಲ್ಲ ಬರೆದುಕೊಂಡರೂ ನನಗೆ ಭಯ ಹೋಗಿರಲಿಲ್ಲ. ಒಂದು ರಾತ್ರಿ ಅಪ್ಪನನ್ನು ಕೇಳಿದೆ, “ನೀನು ಇಷ್ಟು ವರ್ಷ ಮೆಣಸಿನಕಾಯಿ ಮಾರಿದ್ದಿ, ನಿನಗೆ ಚೌಕಾಸಿ ಬರಲ್ವ?”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಕೋಲ್ಡ್ ಸ್ಟೋರೇಜಿಗೆ ಇಟ್ಟ ವರ್ಷ ನಾನು ದರ ಕೇಳೀನಿ. ಸಾಲದವರು ಬಾಗಿಲಿಗೆ ಬಂದ ವರ್ಷ ಅವರು ಹೇಳಿದ್ದೇ ದರ. ಮಾತಿನಾಗೆ ಏನೂ ಇಲ್ಲ.”

ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ಎಂಬಿಬ್ಬರು 1981ರಲ್ಲಿ ಸಂಧಾನದ ಬಗ್ಗೆ ಬರೆದ ಪ್ರಸಿದ್ಧ ಪುಸ್ತಕದಲ್ಲೂ ಮುಖ್ಯ ಮಾತು ಇದೇ: ಈ ವ್ಯವಹಾರ ಆಗದಿದ್ದರೆ ನಿನ್ನ ಮುಂದಿನ ದಾರಿ ಯಾವುದು ಎಂದು ಮೊದಲೇ ತಿಳಿದುಕೋ. ಅದು ಗಟ್ಟಿಯಿದ್ದಷ್ಟೂ ನೀನು ಗಟ್ಟಿ. ನಮಗೆ ಆ ದಾರಿ ಇತ್ತು. ಇನ್ನೂ ಒಂದು ತಿಂಗಳು ಬಾಡಿಗೆ ಕಾರಿನಲ್ಲೇ ಹೋದರೆ 12 ಸಾವಿರ ಖರ್ಚು. ಅವಸರಕ್ಕೆ ಬಿದ್ದು ಕೆಟ್ಟ ಕಾರು ತಂದರೆ 50 ಸಾವಿರಕ್ಕೂ ಹೆಚ್ಚು ಹೋಗುತ್ತಿತ್ತು. ಈ ಲೆಕ್ಕ ಬರೆದು ನೋಡಿದ ಮೇಲೆ “ಸಂಜೆ ಇನ್ನೊಂದು ಪಾರ್ಟಿ ಬರ್ತೈತೆ” ಎಂಬ ಮಾತಿಗೆ ಎದೆ ಹೊಡೆದುಕೊಳ್ಳುವುದು ನಿಂತಿತು.

ಸಿರುಗುಪ್ಪದ ಚಹಾ

ಕೊನೆಗೆ ಸಿಕ್ಕಿದ್ದು ಸಿರುಗುಪ್ಪದಲ್ಲಿ, ನಿವೃತ್ತ ಮೇಷ್ಟ್ರೊಬ್ಬರ ಕಾರು. ದಲ್ಲಾಳಿ ಇಲ್ಲ, ನೇರ ವ್ಯವಹಾರ. ಸರ್ವಿಸ್ ದಾಖಲೆಗಳೆಲ್ಲ ಫೈಲಿನಲ್ಲಿದ್ದವು. ಅವರು ಹೇಳಿದ್ದು 3 ಲಕ್ಷದ 40 ಸಾವಿರ.

ಅಪ್ಪ ಮಾತಾಡಲಿಲ್ಲ. ನಾನು ಚೀಟಿ ತೆಗೆದೆ. “ಸರ್, ಗಾಡಿ ಚೆನ್ನಾಗಿ ಇಟ್ಕೊಂಡಿದ್ದೀರಿ. ಆದ್ರೆ ನಾಲ್ಕೂ ಟೈರು ಏಳು ವರ್ಷ ಹಳೇವು, 16 ಸಾವಿರ ಬೇಕು. ವಿಮೆ ಮುಗಿದೈತೆ, ಏಳೂವರೆ ಸಾವಿರ. ಬ್ಯಾಟರಿಗೆ ನಾಲ್ಕೂವರೆ. ಒಟ್ಟು 28 ಸಾವಿರ ನಾವು ಹಾಕ್ಬೇಕು. 2 ಲಕ್ಷದ 95 ಸಾವಿರಕ್ಕೆ ಕೊಡ್ತೀರಾ?”

ಅವರು ಚೀಟಿ ಇಸಕೊಂಡು ಕನ್ನಡಕ ಹಾಕಿಕೊಂಡು ಓದಿದರು. 3 ಲಕ್ಷದ 25 ಸಾವಿರಕ್ಕೆ ಬಂದರು. ನಾನು ಸುಮ್ಮನೆ ಕೂತೆ. ಸುಮ್ಮನೆ ಕೂರುವುದೇ ಅವತ್ತಿನ ಅತಿ ಕಷ್ಟದ ಕೆಲಸ! ಕಾರು ನನಗೆ ತುಂಬ ಹಿಡಿಸಿತ್ತು. ಆದರೂ ಚಹಾ ಕುಡಿದು, “ಮನೇಲಿ ಮಾತಾಡಿ ನಾಳೆ ಹೇಳ್ತೀವಿ ಸರ್” ಎಂದು ಎದ್ದೆವು. ಬಸ್ಸಿನಲ್ಲಿ ಅಪ್ಪ ಒಂದೇ ಒಂದು ಸಲ ಕೇಳಿದರು, “ಕೈ ತಪ್ಪಿ ಹೋದ್ರೆ?” “ಇನ್ನೊಂದು ನೋಡಾಣಪ್ಪ” ಎಂದೆ. ಧ್ವನಿ ನಡುಗಿದ್ದು ಅಪ್ಪನಿಗೆ ಗೊತ್ತಾಯಿತೋ ಏನೋ.

ರಾತ್ರಿ ಫೋನ್ ಬಂತು, 3 ಲಕ್ಷದ 8 ಸಾವಿರಕ್ಕೆ. ಕೊನೆಗೆ 3 ಲಕ್ಷದ 5 ಸಾವಿರಕ್ಕೆ ಮುಗಿಯಿತು. ಹಳೆಯ ಚಲನ್ ಕಟ್ಟುವುದು, ಬ್ಯಾಂಕಿನ ಎನ್‌ಒಸಿ ತರುವುದು ಅವರ ಪಾಲು. ಅರ್ಧ ದುಡ್ಡು ಅವತ್ತು, ಉಳಿದದ್ದು ಹೆಸರು ಬದಲಾವಣೆಯ ಅರ್ಜಿಗೆ ಸಹಿ ಬಿದ್ದ ಮೇಲೆ. ಕಾರು ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೆಸರು ಬದಲಾಗದೆ ಅಪಘಾತವಾದರೆ ದಾಖಲೆಯಲ್ಲಿರುವ ಮಾಲೀಕನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಈ ಅವಸರ ಅವರಿಗೂ ಇತ್ತು, ನಮಗೂ ಇತ್ತು.

ಕೀಲಿ ಕೊಡುವಾಗ ಮೇಷ್ಟ್ರು ಹೇಳಿದರು: “ಸುಮ್ನೆ ಕಡಿಮೆ ಮಾಡಿ ಅಂದಿದ್ರೆ ಕೊಡ್ತಿರ್ಲಿಲ್ಲಮ್ಮ. ನಿನ್ನ ಲೆಕ್ಕ ಸರಿ ಇತ್ತು.” ಅವರಿಗೆ ಮೋಸವಾಗಲಿಲ್ಲ, ನಮಗೂ ಆಗಲಿಲ್ಲ. ನ್ಯಾಯವಾದ ಬೆಲೆ ಎಂದರೆ ಇದೇ ಇರಬೇಕು.

ಟೈರು, ವಿಮೆ, ಬ್ಯಾಟರಿ ಎಲ್ಲ ಸೇರಿ 3 ಲಕ್ಷದ 33 ಸಾವಿರ ಆಯಿತು. ಉಳಿದ 67 ಸಾವಿರದಲ್ಲಿ ನನ್ನ ಫೀಸಿನ ಪಾಲು ಭದ್ರವಾಗಿದೆ.

ಗೆಳೆಯರೇ, ನಾವು ಕಾರು ಕೊಳ್ಳುವುದು ಬದುಕಿನಲ್ಲಿ ಒಂದೆರಡು ಸಲ. ಆದರೆ ನಾಳೆ ಸಂದರ್ಶನದಲ್ಲಿ “ಎಷ್ಟು ಸಂಬಳ ನಿರೀಕ್ಷಿಸ್ತೀರಿ?” ಎಂದು ಕೇಳುತ್ತಾರಲ್ಲ, ಅದೂ “ನಿಮ್ ಬಜೆಟ್ ಎಷ್ಟು ತಂಗಿ?” ಎಂಬ ಪ್ರಶ್ನೆಯ ತಮ್ಮನೇ. ಆ ಕೆಲಸಕ್ಕೆ ಹೊರಗೆ ಎಷ್ಟು ಕೊಡುತ್ತಾರೆ, ನಮ್ಮ ಕೈಯಲ್ಲಿ ಬೇರೆ ಯಾವ ದಾರಿ ಇದೆ ಎಂಬ ಚೀಟಿ ಜೇಬಿನಲ್ಲಿದ್ದರೆ ಉತ್ತರ ತಡವರಿಸುವುದಿಲ್ಲ.

ಮೊನ್ನೆ ಮಂಗಳವಾರ ಅಜ್ಜಿಯನ್ನು ನಮ್ಮದೇ ಕಾರಿನಲ್ಲಿ ಬಳ್ಳಾರಿಗೆ ಕರೆದುಕೊಂಡು ಹೋದೆವು. ಹತ್ತುವ ಮೊದಲು ಅಜ್ಜಿ ಬಗ್ಗಿ ಟೈರನ್ನು ಕೈಯಿಂದ ಸವರಿದರು. “ಹಲ್ಲು ಹೊಸವು” ಎಂದು ನಕ್ಕು ಒಳಗೆ ಕೂತರು.