ಪದಕ್ಕೊಂದು ಅರ್ಥದ ಚೀಟಿ: ಜಾಲಪುಟಗಳಲ್ಲಿ ಜೈನ ಶಬ್ದಗಳ ವಿವರಣೆ

ಬೈಲಹೊಂಗಲದಲ್ಲಿ ಯಾರನ್ನಾದರೂ ನಿಲ್ಲಿಸಿ ‘ಸಮಾಧಿ ಎಲ್ಲಿದೆ?’ ಎಂದು ಕೇಳಿದರೆ ಕಿತ್ತೂರು ರಾಣಿ ಚನ್ನಮ್ಮನ ಸಮಾಧಿಯ ದಾರಿ ತೋರಿಸುತ್ತಾರೆ. ರಾಣಿ 1829ರಲ್ಲಿ ಅಲ್ಲಿನ ಕೋಟೆಯ ಸೆರೆಯಲ್ಲೇ ತೀರಿಕೊಂಡಳು. ಅದೇ ಊರಿನ ಶ್ರಾವಕರ ಮನೆಯಲ್ಲಿ ‘ಸಮಾಧಿ’ ಎಂದರೆ ಸಲ್ಲೇಖನ ವ್ರತ ಹಿಡಿದು ಶಾಂತಭಾವದಿಂದ ದೇಹ ಬಿಡುವುದು. ‘ಮುನಿಗಳ ಸಮಾಧಿಯಾಯಿತು’ ಎಂಬ ಸುದ್ದಿ ಹಿರಿಯರಿಗೆ ತಕ್ಷಣ ತಿಳಿಯುತ್ತದೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಓದುತ್ತಿರುವ ಮೊಮ್ಮಗ ಕಲ್ಲಿನ ಕಟ್ಟಡ ಎಂದುಕೊಂಡಾನು.

ಸಮಾಜದ ಸುದ್ದಿ, ಪಂಚಕಲ್ಯಾಣದ ಆಮಂತ್ರಣ, ಚಾತುರ್ಮಾಸದ ವಿವರ ಎಲ್ಲವೂ ಈಗ ಮೊಬೈಲಿಗೇ ಬರುತ್ತಿರುವುದರಿಂದ ಈ ತೊಡಕು ಹೆಚ್ಚಿದೆ. ಇದಕ್ಕೆ ಜಾಲಪುಟ ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲೇ ಒಂದು ಉಪಾಯವಿದೆ. ಅಡತಿ ಅಂಗಡಿಯಲ್ಲಿ ಚೀಲದ ಮೇಲೆ ಚೀಟಿ ಅಂಟಿಸಿದ ಹಾಗೆ, ಪದದ ಸುತ್ತ ಒಂದು ಗುರುತು ಹಾಕುವುದು. ‘ಡಿಎಫ್‌ಎನ್’ ಎಂಬ ಗುರುತು ‘ಈ ಪದಕ್ಕೆ ಅರ್ಥ ಇಲ್ಲಿಯೇ ಹೇಳಿದೆ’ ಎಂದು ಸೂಚಿಸುತ್ತದೆ. ಆ ಪದ ಇರುವ ಪ್ಯಾರಾದಲ್ಲೇ ಅರ್ಥವೂ ಇರಬೇಕು. ಪದ ಬಂದ ಕಡೆಯಲ್ಲೆಲ್ಲ ಇದನ್ನು ಹಾಕಬಾರದು, ಅರ್ಥ ಹೇಳುವ ಒಂದೇ ಜಾಗದಲ್ಲಿ ಹಾಕಬೇಕು. ಬರೀ ಅಕ್ಷರ ದಪ್ಪ ಮಾಡಿದರೆ ಕಣ್ಣಿಗೆ ಕಾಣುತ್ತದೆ, ಆದರೆ ಅದು ವ್ಯಾಖ್ಯೆ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಡಿಎಫ್‌ಎನ್ ಹಾಕಿದಾಗ ಸಾಮಾನ್ಯವಾಗಿ ಅಕ್ಷರ ಓರೆಯಾಗಿ ಕಾಣುತ್ತವೆ. ಕನ್ನಡಕ್ಕೆ ಅದು ಚೆಂದವಲ್ಲ, ವಿನ್ಯಾಸದಲ್ಲಿ ಬದಲಿಸಿಕೊಳ್ಳಬಹುದು.

ಅರ್ಥ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಸಮಾಜ 2015ರಲ್ಲಿ ಕಂಡಿದೆ. ಆ ವರ್ಷ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರಾ ಅಥವಾ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನಾಗಿ ಕಂಡಿತು. ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಹೀಗಿರುವಾಗ ನಮ್ಮದೇ ಪುಟದಲ್ಲಿ ‘ಉಪವಾಸವಿದ್ದು ಸಾಯುವುದು’ ಎಂದು ಬರೆದರೆ ದೂರುವುದು ಯಾರನ್ನು? ಉಪಸರ್ಗ, ಬರಗಾಲ, ಮುಪ್ಪು, ಗುಣವಾಗದ ರೋಗ ಇವು ಬಂದು ಬೇರೆ ದಾರಿ ಇಲ್ಲದಾಗ, ಧರ್ಮರಕ್ಷಣೆಗಾಗಿ ದೇಹವನ್ನೂ ಕಷಾಯಗಳನ್ನೂ ಕ್ರಮವಾಗಿ ಕೃಶಗೊಳಿಸುವ ವ್ರತ ಎಂದೇ ಬರೆಯಬೇಕು. ಆಗ ‘ಕಷಾಯ’ ಎದುರಾಗುತ್ತದೆ. ಅಡುಗೆಮನೆಯಲ್ಲಿ ಅದು ಶುಂಠಿ, ಮೆಣಸಿನ ಕಷಾಯ, ಶಾಸ್ತ್ರದಲ್ಲಿ ಕ್ರೋಧ, ಮಾನ, ಮಾಯೆ, ಲೋಭ. ಆದ್ದರಿಂದ ವ್ಯಾಖ್ಯೆಯೊಳಗಿನ ಪದದಿಂದಲೂ ಅದರ ಅರ್ಥಕ್ಕೆ ಕೊಂಡಿ ಇರಬೇಕು. ‘ಧರ್ಮ’ದ ಮಾತೂ ಹಾಗೆಯೇ. ಷಡ್ದ್ರವ್ಯಗಳಲ್ಲಿ ಅದು ಜೀವ, ಪುದ್ಗಲಗಳ ಚಲನೆಗೆ ನೆರವಾಗುವ ದ್ರವ್ಯ.

ಸಂಕ್ಷೇಪಗಳಿಗೆ ‘ಎಬಿಬಿಆರ್’ ಎಂಬ ಬೇರೆ ಗುರುತಿದೆ. ಮುನಿಗಳ ಹೆಸರಿನ ಹಿಂದೆ ‘ಪ.ಪೂ.’ ಪರಮ ಪೂಜ್ಯ, ಕಾಲೇಜಿನ ಹಿಂದೆ ಪದವಿಪೂರ್ವ! ‘ಶ್ರೀ 108’ ನೋಡಿ ಮಕ್ಕಳಿಗೆ ಅಂಬುಲೆನ್ಸ್ ನೆನಪಾದರೆ ತಪ್ಪು ಅವರದಲ್ಲ. ಈ ಗುರುತಿನ ಪೂರ್ಣರೂಪ ಮೌಸ್ ಇಟ್ಟಾಗ ಮಾತ್ರ ತೋರುತ್ತದೆ, ಮೊಬೈಲಿನಲ್ಲಿ ಸಾಮಾನ್ಯವಾಗಿ ಕಾಣದು. ಆದ್ದರಿಂದ ಮೊದಲ ಸಲ ಪೂರ್ತಿಯಾಗಿ ಬರೆದುಬಿಡುವುದೇ ಒಳ್ಳೆಯದು.

ಸವದತ್ತಿಯ ಇತಿಹಾಸ ಬರೆಯುವವರಿಗೆ ಈ ಕೆಲಸ ಇನ್ನೂ ಅಗತ್ಯ. ಸುಗಂಧವರ್ತಿ ಎಂಬ ಹೆಸರಿದ್ದ ಕಾಲದಲ್ಲಿ ಅಲ್ಲಿ ರಟ್ಟರ ಪೃಥ್ವೀರಾಮ ಜಿನಾಲಯ ಕಟ್ಟಿಸಿದ್ದು, ಕಾರೇಯ ಗಣದ ಆಚಾರ್ಯರ ಹೆಸರುಗಳು ಶಾಸನದಲ್ಲಿವೆ. ಇಲ್ಲಿ ಗಣ ಎಂದರೆ ಮುನಿಗಳ ಪರಂಪರೆ, ಶಿವಗಣವಲ್ಲ. ಶಾಸನಗಳ ‘ಮತ್ತರು’ ಹೊಲದ ಅಳತೆ, ‘ನಿಸಿಧಿ’ ಸಮಾಧಿಮರಣದ ಸ್ಮಾರಕ. ಇಂಥ ಪದಗಳನ್ನು ಒಂದೇ ಪುಟದಲ್ಲಿ ‘ಡಿಎಲ್’ ಪಟ್ಟಿಯಾಗಿ ಕೊಡಬಹುದು: ‘ಡಿಟಿ’ಯಲ್ಲಿ ಪದ, ‘ಡಿಡಿ’ಯಲ್ಲಿ ಅರ್ಥ. ಪ್ರತಿ ಪದಕ್ಕೂ ‘ಐಡಿ’ ಎಂಬ ವಿಳಾಸ ಕೊಟ್ಟರೆ ಬೇರೆ ಪುಟಗಳಿಂದ ನೇರವಾಗಿ ಅಲ್ಲಿಗೆ ಹೋಗಬಹುದು. ಪುಟದ ಭಾಷೆ ಕನ್ನಡ ಎಂದು ನಮೂದಿಸುವುದನ್ನು ಮರೆಯಬಾರದು. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ಯಾವ ಭಾಷೆಯ ದನಿಯಲ್ಲಿ ಓದಬೇಕೆಂದು ತಿಳಿಯುವುದು ಅದರಿಂದಲೇ.

ಗುರುತು ಹಾಕುವುದನ್ನು ಹುಡುಗರು ಒಂದು ಸಂಜೆಯಲ್ಲಿ ಕಲಿಯುತ್ತಾರೆ. ಅರ್ಥ ಬರೆಯುವುದಕ್ಕೆ ಶಾಸ್ತ್ರ ಬಲ್ಲ ಹಿರಿಯರು ಪಕ್ಕದಲ್ಲಿ ಕುಳಿತಿರಬೇಕು. ಮೊದಲಿಗೆ ಇಪ್ಪತ್ತು ಪದ ಸಾಕು. ಆಮೇಲೆ ಕಿತ್ತೂರಿನ ಸುದ್ದಿಯಲ್ಲಿ ಬರುವ ‘ಪಾರಣೆ’ಯೂ ರಾಮದುರ್ಗದ ಆಮಂತ್ರಣದ ‘ಪಾರಣೆ’ಯೂ ಅದೇ ಒಂದು ಸಾಲಿಗೆ ಹೋಗಿ ಸೇರುತ್ತವೆ.