ಸುಗಮ ಸಂಗೀತದಲ್ಲಿ ಸ್ವರಗುಚ್ಛ ಮತ್ತು ವಾದ್ಯಸಹಕಾರ: ರಾಗಸ್ವರೂಪದ ಪ್ರಶ್ನೆ

ಕವಿತೆಯೊಂದಕ್ಕೆ ಹೊಸದಾಗಿ ಧಾಟಿಯನ್ನು ಕಟ್ಟಿದೊಡನೆ ಸಂಯೋಜಕನ ಕಾರ್ಯ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ಶಾಸ್ತ್ರೀಯ ಕಛೇರಿಯ ಮಟ್ಟಿಗೆ ಇದು ಬಹುಪಾಲು ನಿಜ. ಅಲ್ಲಿ ತಂಬೂರಿ ಆಧಾರಶ್ರುತಿಯನ್ನು ನಿಲ್ಲಿಸುತ್ತದೆ, ಪಿಟೀಲು ಗಾಯಕನನ್ನು ಅನುಸರಿಸುತ್ತದೆ. ಸುಗಮ ಸಂಗೀತದ ಸ್ಥಿತಿ ಬೇರೆ. ಮೈಸೂರು ಅನಂತಸ್ವಾಮಿಯವರ ಸಂಗೀತವಿದ್ದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಹೊರಬಂದಿತು. ಧ್ವನಿಸುರುಳಿಗಳ ಮೂಲಕ ಭಾವಗೀತೆ ಮನೆಮನೆಗೆ ತಲುಪಿದಂತೆ ಹಿನ್ನೆಲೆ ವಾದ್ಯಗಳೂ ಗೀತೆಯ ಅಂಗವೆನಿಸಿದವು. ಕನ್ನಡ ನಾಡಿಗೆ ಈ ಸಂಗಮ ತೀರ ಹೊಸತೇನಲ್ಲ. ಮೈಸೂರು ಅರಮನೆಯು ಕರ್ನಾಟಕ ಹಾಗೂ ಪಾಶ್ಚಾತ್ಯ ಸಂಗೀತಗಳೆರಡಕ್ಕೂ ಆಶ್ರಯ ನೀಡಿತ್ತು. ಜಯಚಾಮರಾಜ ಒಡೆಯರು (1919–1974) ಎರಡೂ ಪದ್ಧತಿಗಳನ್ನು ಬಲ್ಲ ವಾಗ್ಗೇಯಕಾರರಾಗಿದ್ದರು.

ವಾದ್ಯಗಾರರು ಕಾರ್ಡ್ ಎಂದು ಕರೆಯುವ ಸ್ವರಗುಚ್ಛವು ಏಕಕಾಲದಲ್ಲಿ ನುಡಿಯುವ ಮೂರು ಅಥವಾ ಹೆಚ್ಚು ಸ್ವರಗಳ ಸಮೂಹ. ರಾಗವು ಸ್ವರಗಳ ಸಂಚಾರದಿಂದ ಸ್ಪಷ್ಟವಾದರೆ, ಗುಚ್ಛವು ಸ್ವರಗಳ ಸಹವಾಸದಿಂದ ಅರ್ಥ ಪಡೆಯುತ್ತದೆ. ಈ ಎರಡು ತತ್ತ್ವಗಳನ್ನು ಹೊಂದಿಸುವಲ್ಲಿಯೇ ಸಂಯೋಜಕನ ಪರೀಕ್ಷೆಯಿದೆ.

ಮೋಹನ ರಾಗವನ್ನು ಉದಾಹರಣೆಯಾಗಿ ಪರಿಶೀಲಿಸಬಹುದು. ಸ, ರಿ, ಗ, ಪ, ದ ಎಂಬ ಐದೇ ಸ್ವರಗಳಿಂದ ದೊರೆಯುವ ಪೂರ್ಣ ತ್ರಿಸ್ವರ ಗುಚ್ಛಗಳು ಎರಡು: ಸ-ಗ-ಪ ಮತ್ತು ದ-ಸ-ಗ. ಪಂಚಮದ ಗುಚ್ಛದಿಂದ ಷಡ್ಜದ ಗುಚ್ಛಕ್ಕೆ ಮರಳುವುದು ಪಾಶ್ಚಾತ್ಯ ಪದ್ಧತಿಯ ರೂಢಿಯ ಮುಕ್ತಾಯ. ಆದರೆ ಪ-ನಿ-ರಿ ಗುಚ್ಛದಲ್ಲಿರುವ ನಿಷಾದ ಮೋಹನಕ್ಕೆ ವರ್ಜ್ಯ. ಅದನ್ನು ಬಳಸಿದರೆ ಗಾಯಕನು ತಪ್ಪದಿದ್ದರೂ ಕೇಳುಗನ ಕಿವಿಗೆ ರಾಗ ಕದಡುತ್ತದೆ. ನಿಷಾದವನ್ನು ಬಿಟ್ಟು ಪ-ರಿಗಳನ್ನಷ್ಟೇ ನುಡಿಸುವುದು, ಇಲ್ಲವೇ ಅದರ ಸ್ಥಾನದಲ್ಲಿ ಷಡ್ಜವನ್ನಿಟ್ಟು ಪ-ಸ-ರಿ ಎಂದು ರಚಿಸುವುದು ಇದಕ್ಕೆ ಪರಿಹಾರ. ದ-ಸ-ಗ ಗುಚ್ಛದ ಮೇಲೆ ಹೆಚ್ಚು ಹೊತ್ತು ನಿಂತರೆ ಧೈವತವೇ ಆಧಾರವಾಗಿ ತೋರಿ, ಗ್ರಹಭೇದದಿಂದ ಶುದ್ಧ ಧನ್ಯಾಸಿಯ ಛಾಯೆ ಮೂಡುತ್ತದೆ. ವಿಷಾದದ ಸಾಲಿಗೆ ಇದು ಉಚಿತವಾಗಬಹುದು. ಪಲ್ಲವಿಗೆ ಮರಳುವಾಗ ಷಡ್ಜವನ್ನು ಪುನಃ ಸ್ಥಾಪಿಸಬೇಕು.

ಸಂಪೂರ್ಣ ರಾಗವಾದ ಕಲ್ಯಾಣಿಯಲ್ಲಿ ಗುಚ್ಛಗಳ ಕೊರತೆಯಿಲ್ಲ. ಅಪಾಯ ಬೇರೆ ಬಗೆಯದು. ಪ್ರತಿಮಧ್ಯಮವನ್ನೊಳಗೊಂಡ ರಿ-ಮ-ದ ಗುಚ್ಛದ ಬಳಿಕ ಪ-ನಿ-ರಿ ಬಂದರೆ ಕಿವಿ ಪಂಚಮವನ್ನೇ ಷಡ್ಜವೆಂದು ಭಾವಿಸತೊಡಗುತ್ತದೆ. ಕಲ್ಯಾಣಿಯ ಪಂಚಮದಿಂದ ಗ್ರಹಭೇದ ಮಾಡಿದರೆ ದೊರೆಯುವುದು ಶಂಕರಾಭರಣ. ಮಂದ್ರದಲ್ಲಿ ಷಡ್ಜವನ್ನು ನಿರಂತರವಾಗಿ ನಿಲ್ಲಿಸುವುದರಿಂದ ಈ ಪಲ್ಲಟವನ್ನು ತಡೆಯಬಹುದು. ಇದು ತಂಬೂರಿಯ ತತ್ತ್ವವೇ ಹೊರತು ಬೇರೆಯಲ್ಲ.

ಗಮಕದ ವಿಚಾರವೂ ಮುಖ್ಯ. ಕೀಬೋರ್ಡಿನ ಸ್ವರ ಸ್ಥಿರ, ಕಂಠದ ಸ್ವರ ಚಲನಶೀಲ. ಕಂಪಿತ ಸ್ವರವನ್ನೇ ಗುಚ್ಛದಲ್ಲಿ ಒತ್ತಿ ನುಡಿಸಿದರೆ ಎರಡೂ ಘರ್ಷಿಸುತ್ತವೆ. ಆ ಸ್ವರವನ್ನು ಗಾಯಕನಿಗೆ ಬಿಟ್ಟು, ಉಳಿದ ಸ್ವರಗಳನ್ನು ಮೃದುವಾಗಿ ಹಿಡಿಯುವುದು ಲೇಸು.

ಗುಚ್ಛ ಬದಲಾಗುವ ಸ್ಥಾನವನ್ನು ತಾಳದೊಡನೆ ಸಾಹಿತ್ಯವೂ ನಿರ್ಧರಿಸಬೇಕು. ಎಂಟು ಮಾತ್ರೆಗಳ ಕೆಹರವಾದಲ್ಲಿ ಮೊದಲನೆಯ ಮತ್ತು ಐದನೆಯ ಮಾತ್ರೆಗಳು ಸಹಜ ಸ್ಥಾನಗಳು. ಆದರೂ ಪದವೊಂದು ಐದನೆಯ ಮಾತ್ರೆಯನ್ನು ದಾಟಿ ಹರಿಯುತ್ತಿದ್ದರೆ, ಅದು ಮುಗಿಯುವವರೆಗೆ ಕಾಯುವುದೇ ಅರ್ಥಕ್ಕೆ ಹಿತ. ಕೊಳಲಿನ ಪೂರಕ ನುಡಿಗಳಿಗೆ ಸಾಲುಗಳ ನಡುವಿನ ವಿರಾಮವೇ ತಕ್ಕ ಎಡೆ.

ವಾದ್ಯಸಂಯೋಜನೆಯನ್ನು ಪರೀಕ್ಷಿಸುವ ಸರಳ ವಿಧಾನವೊಂದಿದೆ. ಕಂಠವನ್ನು ನಿಲ್ಲಿಸಿ ಹಿನ್ನೆಲೆಯನ್ನಷ್ಟೇ ಕೇಳಿದಾಗ ಅದರಲ್ಲಿ ರಾಗಕ್ಕೆ ಅನ್ಯವಾದ ಸ್ವರ ಕೇಳಿಸಬಾರದು. ಕೇಳಿಸಿದರೂ ಅದು ಕವಿತೆಯ ಭಾವಕ್ಕಾಗಿ ತಿಳಿದು ಇರಿಸಿದ್ದಾಗಿರಬೇಕು. ಶಾಸ್ತ್ರದ ಹೊರಗಿದ್ದೂ ರಾಗವನ್ನು ನೆಚ್ಚಿರುವ ಸುಗಮ ಸಂಗೀತಕ್ಕೆ ಈ ಎಚ್ಚರವು ಅವಶ್ಯಕವಾಗಿದೆ.