ತೆಳುಪರದೆಯ ಟೀವಿಯೂ ಮನೆಯ ಹಿರಿಯರೂ

ಚಂದಕವಾಡಿಯಿಂದ ಚಾಮರಾಜನಗರದ ಅಂಗಡಿಗೆ ಟೀವಿಯನ್ನು ಕೊಳ್ಳಲು ಹೊರಡುವ ಗೃಹಸ್ಥರು ಪರದೆಯ ಅಳತೆಯನ್ನು ವಿಚಾರಿಸುವಷ್ಟು ಧ್ವನಿಯನ್ನು ವಿಚಾರಿಸುವುದಿಲ್ಲ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಗಳು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿಯನ್ನಾರಂಭಿಸಿದಾಗ ಜನರಿಗೆ ಲಭಿಸಿದುದು ಬರಿಯ ಧ್ವನಿ. ಈಗ ಚಿತ್ರವು ದೊರೆತಿದೆ, ಮಾತು ಮಂಕಾಗಿದೆ.

ಇದಕ್ಕೆ ಕಾರಣವುಂಟು. ಹಳೆಯ ಪೆಟ್ಟಿಗೆಯಲ್ಲಿ ದೊಡ್ಡ ಸ್ಪೀಕರಿಗೆ ಸ್ಥಳವಿದ್ದಿತು. ತೆಳುಯಂತ್ರದಲ್ಲಿ ಚಿಕ್ಕ ಸ್ಪೀಕರುಗಳು ಸಾಮಾನ್ಯವಾಗಿ ಕೆಳಕ್ಕೋ ಹಿಂದಕ್ಕೋ ಮುಖಮಾಡಿರುವುವು. ಸದ್ದು ಎಷ್ಟು ಹೆಚ್ಚಿದರೂ ವೃದ್ಧರಿಗೆ ಮಾತು ಸ್ಪಷ್ಟವಾಗದು. ವಾರ್ತೆ ಮುಗಿಯುವವರೆಗೂ ಅಜ್ಜಿಯು ಮೊಮ್ಮಗನನ್ನು ‘ಏನಂದ್ರಪ್ಪ?’ ಎಂದು ಕೇಳುತ್ತಲೇ ಇರಬೇಕು. ಕೆಲದಿನಗಳಲ್ಲಿ ಕೇಳುವುದನ್ನೂ ಬಿಟ್ಟು ಒಳಗೆ ಹೋಗಿ ಮಲಗುವಳು.

ಆರೇಳು ಅಡಿ ದೂರದಲ್ಲಿ ಕುಳಿತು ನೋಡುವ ಪಡಸಾಲೆಗೆ 43 ಅಂಗುಲದ, ಎಂದರೆ ಮೂಲೆಯಿಂದ ಮೂಲೆಗೆ ಸುಮಾರು 109 ಸೆಂಟಿಮೀಟರಿನ ಪರದೆಯು ಸಾಕು. 55 ಅಂಗುಲಕ್ಕೆ ತೆರಬೇಕಾದ ಹೆಚ್ಚಿನ ಹಣವನ್ನು ಸೌಂಡ್‌ಬಾರಿಗೆ ವಿನಿಯೋಗಿಸುವುದೇ ಮೇಲೆಂದು ನಮ್ಮ ಅಭಿಪ್ರಾಯ. ಎರಡರಲ್ಲಿಯೂ ‘ಎಚ್‌ಡಿಎಂಐ ಎಆರ್‌ಸಿ’ ಎಂಬ ಕಿಂಡಿಯಿದ್ದರೆ ಒಂದೇ ತಂತಿಯಿಂದ ಜೋಡಿಸಬಹುದು. ಅಂಗಡಿಯವರು ಹಾಕುವ ಹಾಡಿಗೆ ಮರುಳಾಗದೆ ಕನ್ನಡ ವಾರ್ತೆಯನ್ನು ಹಾಕಿಸಿರಿ. ಬಸ್ಸಿನ ಚೀಟಿ ಇನ್ನೊಂದಾದರೂ ಚಿಂತೆಯಿಲ್ಲ, ಅಜ್ಜಿಯನ್ನೇ ಕರೆದೊಯ್ದು ಅವಳಿಂದಲೇ ಕೇಳಿಸಿರಿ.